ನಾನು ಓದಿ ಹೇಳಿದ ಕಾಗದ

ನೀನು ಯಾಕೆ ವಕೀಲೆಯಾಗಲಿಲ್ಲ ಎಂದು ಕೇಳಿದವರಿಗೆ ಈ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನಾನು ಕೊಟ್ಟ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಸೋದರಮಾವನಿಗೆ ಮಕ್ಕಳಿರಲಿಲ್ಲ, ಕಾರ್ಖಾನೆ ನೋಡಿಕೊಳ್ಳಲು ಜನ ಬೇಕಿತ್ತು ಎಂದು ಕೆಲವರಿಗೆ ಹೇಳಿದ್ದೇನೆ. ಕೋರ್ಟಿನ ಹವಾ ನನಗೆ ಒಗ್ಗಲಿಲ್ಲ ಎಂದು ಇನ್ನು ಕೆಲವರಿಗೆ. ಒಂದು ಮದುವೆ ಮನೆಯಲ್ಲಿ ಬೆನ್ನು ಬಿಡದೆ ಕೇಳಿದ ಒಬ್ಬ ಹೆಂಗಸಿಗೆ, ಕರಿ ಕೋಟು ನನ್ನ ಬಣ್ಣಕ್ಕೆ ಒಪ್ಪುವುದಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಮಾತು ಚೆನ್ನಾಗಿ ಬರುತ್ತದೆ. ಅದರಿಂದ ಒಂದು ಮನೆ ಹಾಳಾಯಿತು ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ನಮ್ಮದು ಮೂಲತಃ ಕಲಬುರ್ಗಿ ಕಡೆಯ ಮನೆತನ. ಅಜ್ಜ ನೌಕರಿಯ ಬೆನ್ನು ಹತ್ತಿ ಹೈದರಾಬಾದಿಗೆ ಬಂದವರು. ಮುಂದೆ ಭಾಷೆಯ ಆಧಾರದ ಮೇಲೆ ರಾಜ್ಯಗಳು ಹಂಚಿಹೋದಾಗ ಊರು ಆ ಕಡೆ ಹೋಯಿತು, ಸಂಬಳ ಈ ಕಡೆ ಉಳಿಯಿತು. ಸಂಬಳ ಇದ್ದ ಕಡೆ ನಾವೂ ಉಳಿದೆವು. ಹೊಸ್ತಿಲ ಒಳಗೆ ಕನ್ನಡ, ಓಣಿಯಲ್ಲಿ ತೆಲುಗು, ಪೇಟೆಯಲ್ಲಿ ಹಿಂದಿ. ಯಾವ ಬಾಗಿಲಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಹಾಕಿಕೊಳ್ಳಬೇಕು ಎಂಬುದು ಚಪ್ಪಲಿಯಷ್ಟೇ ರೂಢಿಯಾಗಿತ್ತು.

ಅಪ್ಪ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಇಂಗ್ಲಿಷಿನಲ್ಲಿ ಡ್ರಾಫ್ಟ್ ಬರೆಯುವುದರಲ್ಲಿ ಎತ್ತಿದ ಕೈ. ಮೇಲಿನವರು ಎಲ್ಲಾದರೂ ಸಿಕ್ಕಿಬಿದ್ದರೆ ಪಾರು ಮಾಡುವ ಪತ್ರವನ್ನು ಅಪ್ಪನೇ ಬರೆಯಬೇಕು, ಬಡ್ತಿ ಮಾತ್ರ ಬೇರೆಯವರಿಗೆ. ಹರೆಯದಲ್ಲಿ ಅವರಿಗೂ ಲಾ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತಂತೆ. ಅದೇ ವರ್ಷ ಅಜ್ಜ ತೀರಿಕೊಂಡು, ಮನೆ ನಡೆಸಲು ಗುಮಾಸ್ತಿಕೆಗೆ ಸೇರಿಕೊಂಡರು. ಆ ಹೊಟ್ಟೆಯುರಿ ಅವರಲ್ಲಿ ಕೊನೆಯವರೆಗೂ ಆರಲಿಲ್ಲ. ನಾನು ಒಬ್ಬಳೇ ಮಗಳು, ಹೀಗಾಗಿ ಅದರ ಬಿಸಿ ಪೂರ್ತಿ ನನಗೇ ತಾಗಿತು.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಜನವರಿಯ ನುಮಾಯಿಶಿಗೆ, ಊರಿನ ದೊಡ್ಡ ವಸ್ತುಪ್ರದರ್ಶನಕ್ಕೆ, ಹೋಗಿದ್ದೆವು. ನಾಂಪಲ್ಲಿಯ ಆ ಮೈದಾನದಲ್ಲಿ ಕಾಶ್ಮೀರದ ಶಾಲು, ಲಖನೌದ ಬಟ್ಟೆ ಎಂದು ಅಮ್ಮ ಅಂಗಡಿ ಅಂಗಡಿ ಸುತ್ತುತ್ತಿದ್ದರೆ, ಅಪ್ಪ ಕಾನ್ಪುರದ ಚರ್ಮದ ಮಳಿಗೆಯ ಮುಂದೆ ನಿಂತುಬಿಟ್ಟರು. ಕಂದು ಬಣ್ಣದ, ಹಿತ್ತಾಳೆ ಬಕಲ್ ಇರುವ ಒಂದು ಚೀಲವನ್ನು ಒಂದು ತಾಸು ಚೌಕಾಸಿ ಮಾಡಿ ಕೊಂಡರು. "ಕೋರ್ಟಿಗೆ ಹೋಗೋವಾಗ ಇದು ಬಗಲಾಗ ಇರ್ಬೇಕು ನೋಡು" ಎಂದರು. ಮನೆಗೆ ಬಂದು ಅದನ್ನು ಹಳೆಯ ಧೋತರದಲ್ಲಿ ಸುತ್ತಿ ಅಲಮಾರಿಯ ಮೇಲಿಟ್ಟರು. ನಾನು ಕಾಲೇಜಿಗೆ ಒಯ್ಯುತ್ತೇನೆಂದರೆ ಕೊಡಲಿಲ್ಲ.

ಈಗ ಮಾವನ ಮಾತು. ಅಮ್ಮನ ತಮ್ಮ, ಊರ ಹೊರಗಿನ ಜೀಡಿಮೆಟ್ಲಾ ಕೈಗಾರಿಕಾ ಎಸ್ಟೇಟಿನಲ್ಲಿ ಅವನದೊಂದು ಸಣ್ಣ ಕಾರ್ಖಾನೆ. ಔಷಧಿ ಕಂಪನಿಗಳು ಬಳಸಿ ಬಿಟ್ಟ ದ್ರಾವಕವನ್ನು ಡ್ರಮ್ಮುಗಳಲ್ಲಿ ತಂದು, ಮತ್ತೆ ಬಟ್ಟಿಯಿಳಿಸಿ, ಶುದ್ಧ ಮಾಡಿ ಮಾರುವುದು ಅವನ ಧಂದೆ. ಆರನೇ ಇಯತ್ತೆಗೆ ಸಾಲೆ ಬಿಟ್ಟವನು, ಆದರೆ ಡ್ರಮ್ಮಿನ ಮುಚ್ಚಳ ತೆಗೆದು ಒಂದು ಸಲ ಮೂಸಿ ನೋಡಿದರೆ ಒಳಗೆ ಏನು ಎಷ್ಟಿದೆ ಎಂದು ಹೇಳಿಬಿಡುತ್ತಿದ್ದ. ಪ್ರತಿ ಆದಿತ್ಯವಾರ ನಮ್ಮಲ್ಲೇ ಊಟ. ನನ್ನ ಬಿ.ಕಾಂ. ಮುಗಿಯುವ ವರ್ಷ ಆ ಊಟದ ಮಣೆಯ ಮೇಲೆ ನನ್ನ ಭವಿಷ್ಯವನ್ನೂ ಬಡಿಸುತ್ತಿದ್ದರು.

"ಧಂದೆ ಅಂದ್ರೇನು? ಸುಳ್ಳಿಗೆ ಒಂದು ಬೋರ್ಡ್ ಹಾಕಿ ಕೂಡೋದು," ಎನ್ನುತ್ತಿದ್ದರು ಅಪ್ಪ.

"ವಕೀಲಿ ಅಂದ್ರೇನು ಭಾವಾ? ಅದೇ ಸುಳ್ಳಿಗೆ ಕೋಟ್ ಹಾಕೋದು," ಎನ್ನುತ್ತಿದ್ದ ಮಾವ. "ಗೆದ್ದವ ಸೋತ, ಸೋತವ ಸತ್ತ ಅಂತಾರ ಕೋರ್ಟಿಗೆ. ಅಂಥಲ್ಲಿಗೆ ಹುಡುಗೀನ್ನ ಕಳಸ್ತೀರೇನು? ನನ್ ಹಂತ್ಯಾಕ ಬಿಡ್ರಿ. ಐದು ವರ್ಷದಾಗ ಮಾಲಕಿಣಿ ಮಾಡ್ತೀನಿ."

"ಇಬ್ಬರೂ ಕೂಡಿ ಅಕಿ ಮದುವಿ ಮರ್ತೀರಿ," ಎಂದು ಅಮ್ಮ ಸಾರಿನ ಸೌಟು ಕುಟ್ಟುತ್ತಿದ್ದಳು.

ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ಆದರೆ ಕೇಳಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪನ ಬಾಯಿಂದ ಕೇಳಿ ಕೇಳಿ ಕಾನೂನು ಎಂದರೆ ನನಗೆ ಒಂದು ದೊಡ್ಡ ಸ್ವಚ್ಛವಾದ ಮನೆ ಎನಿಸಿತ್ತು, ಅಲ್ಲಿ ಕೂಡುವ ಆಸೆಯಿತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಡಿಗ್ರಿ ಪರೀಕ್ಷೆ ಮುಗಿದು ಲಾ ಕಾಲೇಜಿನ ಪ್ರವೇಶ ಶುರುವಾಗುವವರೆಗೆ ನಾನು ಜೀಡಿಮೆಟ್ಲಾದಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವುದು, ಆಮೇಲೆ ನನ್ನ ಮನಸ್ಸು ಎತ್ತ ಹೋಗುತ್ತದೋ ಅತ್ತ.

ಮೊದಲ ವಾರ ಆ ವಾಸನೆಗೆ ತಲೆ ಸಿಡಿದು ಹೋಯಿತು. ಎರಡನೇ ವಾರದಲ್ಲಿ ವಾಸನೆ ಗೊತ್ತಾಗುವುದು ನಿಂತಿತು. ಮೂರನೇ ವಾರದಲ್ಲಿ ನನಗೆ ಆ ಜಾಗ ಹಿಡಿಸಿಬಿಟ್ಟಿತು. ನಾನು ಅಂದದ್ದು ನಡೆಯುವ ಜಾಗ ಅದಕ್ಕೂ ಮೊದಲು ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಅದಕ್ಕೆ ಕಾರಣ ಕನ್ನಡ. ಮಾವ ಕೆಲಸಕ್ಕೆ ಜನರನ್ನು ತರುತ್ತಿದ್ದದ್ದು ನಮ್ಮ ಊರ ಕಡೆಯಿಂದ, ಗಡಿಯಾಚೆಯ ಬಡ ತಾಲೂಕುಗಳಿಂದ. "ನಮ್ಮ ಮಂದಿ ಎದುರು ಮಾತಾಡಂಗಿಲ್ಲ, ಯೂನಿಯನ್ನಿಗೆ ಹೋಗಂಗಿಲ್ಲ" ಎಂದು ಅವನೇ ಹೇಳುತ್ತಿದ್ದ. ಅವರಿಗೆ ತೆಲುಗು ಅಷ್ಟಕ್ಕಷ್ಟೆ. ಆಫೀಸಿನ ಉಳಿದವರು ಅವರ ಮೇಲೆ ರೇಗುತ್ತಿದ್ದರು. ನಾನು ಬಾಯಿ ತೆರೆದು "ಊಟ ಆಯ್ತೇನು?" ಎಂದ ದಿನವೇ ಅವರ ಮುಖ ಅರಳಿತು. ಮಾವ ದಿನವಿಡೀ ಕೂಗಾಡಿದರೂ ಆಗದ ಕೆಲಸ ನಾನು ಎರಡು ಮಾತು ಹೇಳಿದರೆ ಆಗುತ್ತಿತ್ತು. ಮಾವನಿಗೂ ಅದು ಬೇಗ ತಿಳಿಯಿತು. "ಹೋಗು, ನೀ ಹೇಳು ಹೋಗು" ಎನ್ನುವುದು ಅವನಿಗೆ ಚಟವಾಯಿತು.

ಅವರಲ್ಲೊಬ್ಬ ನನ್ನ ವಯಸ್ಸಿನವನು. ಇಪ್ಪತ್ತೊಂದೋ ಇಪ್ಪತ್ತೆರಡೋ. ಎಸ್ಟೇಟಿನ ಗೋಡೆಯ ಆಚೆ ಗುಡಿಸಲಲ್ಲಿ ಹೆಂಡತಿ, ಒಂದು ಹೆಣ್ಣು ಕೂಸು. ಮಧ್ಯಾಹ್ನ ಅವನು ಬುತ್ತಿ ಬಿಚ್ಚಿದಾಗ ಜೋಳದ ಗರಿಗರಿ ಕಟಕ ರೊಟ್ಟಿಯ ವಾಸನೆ ಆ ಎಲ್ಲ ರಾಸಾಯನಿಕವನ್ನೂ ದಾಟಿ ನನ್ನ ಮೇಜಿಗೆ ಬಂತು. ನಮ್ಮ ಮನೆಯಲ್ಲಿ ಅಜ್ಜಿ ಹೋದಮೇಲೆ ರೊಟ್ಟಿ ಬಡಿಯುವವರಿರಲಿಲ್ಲ, ಎರಡು ಹೊತ್ತೂ ಅನ್ನವೇ. ನಾನು ನಾಚಿಕೆ ಬಿಟ್ಟು ಒಂದು ಚೂರು ಕೇಳಿದೆ. ಮರುದಿನದಿಂದ ಅವನ ಬುತ್ತಿಯಲ್ಲಿ ನನ್ನ ಪಾಲಿನ ಎರಡು ರೊಟ್ಟಿ ಬೇರೆ ಅರಿವೆಯಲ್ಲಿ ಬರತೊಡಗಿದವು, ಜೊತೆಗೆ ಪುಂಡಿ ಪಲ್ಯವೋ ಶೇಂಗಾ ಚಟ್ನಿಯೋ. ಅವನ ಹೆಂಡತಿ ಒಂದು ದಿನ ಗೇಟಿನ ಹತ್ತಿರ ಬಂದು, ಕೂಸನ್ನು ಬಗಲಲ್ಲಿ ಹೊತ್ತುಕೊಂಡೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕಳು. "ನೀವೇನ್ರೀ ಅಕ್ಕಾರ, ನನ್ ರೊಟ್ಟಿ ಉಣ್ಣೋರು? ಮತ್ತ ಇಷ್ಟ್ ಬಡಕಲ ಅದೀರಲ್ರಿ!"

ಯಾವ ಜಾತಿಯವರ ಕೈಯ ರೊಟ್ಟಿ ಎಂದು ಮನೆಯಲ್ಲಿ ತಿಳಿದಿದ್ದರೆ ಅಮ್ಮ ನನಗೆ ತಲೆಯ ಮೇಲೆ ನೀರು ಹಾಕಿಸದೆ ಒಳಗೆ ಬಿಡುತ್ತಿರಲಿಲ್ಲ. ನಾನು ಹೇಳಲಿಲ್ಲ. ಸುಮಾರು ಎರಡು ತಿಂಗಳು ಉಂಡೆ.

ಅದು ಜೂನ್ ತಿಂಗಳ ಒಂದು ಮಧ್ಯಾಹ್ನ. ಒಂದು ಟ್ಯಾಂಕಿನ ತಳದಲ್ಲಿ ಕೆಸರು ಕೂತಿತ್ತು. ಅದನ್ನು ಕೆರೆದು ತೆಗೆಯುವ ಮುಂಚೆ ಒಳಗಿನ ವಿಷದ ಆವಿ ಹೋಗಲು ಇಡೀ ಒಂದು ದಿನ ಮುಚ್ಚಳ ತೆರೆದು ಗಾಳಿಯಾಡಿಸಬೇಕು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಸಂಜೆಗೆ ಗಿರಾಕಿಯ ಲಾರಿ ಬರುವುದಿತ್ತು. ಬೆಳಗ್ಗೆ ತೆರೆದದ್ದು ಸಾಕು ಎಂದ ಮಾವ. ರೊಟ್ಟಿ ತರುವವನು ಟ್ಯಾಂಕಿನ ಬಾಯಿಯ ಹತ್ತಿರ ನಿಂತು ಹಿಂಜರಿದ. "ಹೋಗು, ನೀ ಹೇಳು ಹೋಗು" ಎಂದ ಮಾವ. ನಾನು ಹೋದೆ.

"ವಾಸನಿ ಇನ್ನಾ ಐತ್ರಿ ಅಕ್ಕಾರ," ಎಂದ ಅವನು.

"ಮಾವ ನೋಡ್ಯಾರಂತ. ಏನಾಗಂಗಿಲ್ಲಂತ. ಲಗೂ ಇಳಿದು ಲಗೂ ಬಾ," ಎಂದೆ ನಾನು.

ನಾನು ಹೇಳಿದೆನೆಂದು ಇಳಿದ. ಮಾವ ಹೇಳಿದ್ದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದನೇನೋ. ಹತ್ತು ನಿಮಿಷಕ್ಕೆ ಕೆರೆಯುವ ಸದ್ದು ನಿಂತಿತು. ಹಗ್ಗ ಹಾಕಿ ಎಳೆಯುವಷ್ಟರಲ್ಲಿ ಮುಗಿದಿತ್ತು. ಅವನ ಬುತ್ತಿ ಆ ಹೊತ್ತಿಗೆ ನನ್ನ ಮೇಜಿನ ಬದಿಯ ಕಿಟಕಿಯಲ್ಲಿತ್ತು, ನನ್ನ ಪಾಲು ಆಗಲೇ ಉಂಡಾಗಿತ್ತು.

ಪೊಲೀಸರು ಬಂದರು, ಹೋದರು. ಊರಿನಿಂದ ಯಾರೂ ಬರುವವರಿರಲಿಲ್ಲ. ಮೂರನೆಯ ದಿನ ಸಂಜೆ ಮಾವ ನಮ್ಮ ಮನೆಗೆ ಬಂದ. ಆದಿತ್ಯವಾರವಲ್ಲದ ದಿನ ಅವನು ಬಂದದ್ದೇ ಅಮ್ಮನಿಗೆ ಗಾಬರಿಯಾಯಿತು. ಕೆಲಸದ ಮೇಲೆ ಸತ್ತವನ ಹೆಂಡತಿ ಕಾರ್ಮಿಕ ಇಲಾಖೆಗೆ ಪರಿಹಾರ ಕೇಳಿ ಅರ್ಜಿ ಹಾಕಬಹುದು, ಹಾಕಿದರೆ ಕೇಸಾಗುತ್ತದೆ, ಕೇಸಾದರೆ ಲೈಸೆನ್ಸ್ ಹೋಗುತ್ತದೆ, ಕಾರ್ಖಾನೆಗೆ ಬೀಗ. ಇಷ್ಟನ್ನು ಹೇಳುವಷ್ಟರಲ್ಲಿ ಮಾವ ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಗ ಅಪ್ಪ ಕನ್ನಡಕ ಹಾಕಿಕೊಂಡರು. ಧಂದೆಯವರನ್ನು ಕಂಡರೆ ಮೂಗು ಮುರಿಯುತ್ತಿದ್ದ ನನ್ನ ಅಪ್ಪ ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂತರು. ಅವರ ಮುಖದಲ್ಲಿ ಆ ಹೊತ್ತು ಒಂದು ಕಳೆ ಇತ್ತು, ಅದನ್ನು ನಾನು ಇಲ್ಲ ಎನ್ನಲಾರೆ. ಸತ್ತವನ ಹೆಂಡತಿಯೇ ಹೇಳುವಂತೆ ಬರೆದರು: ನನ್ನ ಗಂಡ ಈ ಕಾರ್ಖಾನೆಯ ನೌಕರನಾಗಿರಲಿಲ್ಲ, ಆ ದಿನ ತನ್ನ ಊರಿನವರನ್ನು ಕಾಣಲು ಬಂದಿದ್ದ, ಕುಡಿದಿದ್ದ, ಯಾರಿಗೂ ಹೇಳದೆ ತಾನಾಗಿ ಟ್ಯಾಂಕಿಗೆ ಇಳಿದ, ಮಾಲೀಕರು ಮಾನವೀಯತೆಯಿಂದ ಮಾಡಿದ ಸಹಾಯ ನನಗೆ ತಲುಪಿದೆ, ಇನ್ನು ನನ್ನ ಯಾವ ತಕರಾರೂ ಇಲ್ಲ. ಇಂಗ್ಲಿಷಿನಲ್ಲಿ ಅದು ಎಷ್ಟು ಚೆನ್ನಾಗಿತ್ತೆಂದರೆ ಓದಿದರೆ ನಿಜವೆನಿಸುತ್ತಿತ್ತು.

ಕೊನೆಗೆ ಅಪ್ಪ ಇನ್ನೊಂದು ಸಾಲು ಸೇರಿಸಿದರು. ಓದುಬರಹ ಬಾರದವರ ಹೆಬ್ಬೆಟ್ಟಿಗೆ ಕಚೇರಿಗಳಲ್ಲಿ ಒಂದು ಪದ್ಧತಿಯಿದೆ. ಈ ಕಾಗದವನ್ನು ಇವರ ಮಾತೃಭಾಷೆಯಲ್ಲಿ ಓದಿ ಹೇಳಿ, ಅರ್ಥ ಮಾಡಿಸಿ, ಅವರು ಒಪ್ಪಿದ ಮೇಲೆ ಗುರುತು ಹಾಕಿಸಲಾಗಿದೆ ಎಂದು ಬರೆದು, ಓದಿ ಹೇಳಿದವರು ಕೆಳಗೆ ಸಹಿ ಮಾಡಬೇಕು.

"ಈ ಸಾಲೇ ಕಾಗದದ ಜೀವ ನೋಡವಾ," ಎಂದು ಅಪ್ಪ ನನಗೆ ತೋರಿಸಿದರು. "ಇದಿಲ್ಲಾಂದ್ರ ಹೆಬ್ಬೆಟ್ಟಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ನೀ ಕಾನೂನು ಓದ್ಬೇಕು ಅನ್ನೋದು ಇದಕ್ಕ."

"ಅಕಿ ಜೋಡಿ ಕನ್ನಡ ಮಾತಾಡೋಕಿ ನೀ ಒಬ್ಬಾಕಿ," ಎಂದ ಮಾವ. "ನೀ ಹೇಳು ಹೋಗು."

ಅಲ್ಲಿಯವರೆಗೆ ನನ್ನ ಮುಂದೆ ಎರಡು ದಾರಿಗಳಿವೆ ಎಂದುಕೊಂಡಿದ್ದೆ. ಒಂದು ಅಪ್ಪನದು, ಒಂದು ಮಾವನದು. ಆ ಸಂಜೆ ಇಬ್ಬರೂ ಒಂದೇ ಮೇಜಿನ ಮುಂದೆ ಒಂದೇ ಹಾಳೆಯ ಮೇಲೆ ಬಗ್ಗಿದ್ದರು, ಅವರಿಗೆ ಬೇಕಿದ್ದದ್ದು ನನ್ನ ನಾಲಿಗೆ. ನನಗೆ ಇಬ್ಬರ ಮೇಲೂ ಹೇಸಿಗೆ ಹುಟ್ಟಿತು. ಆದರೆ ಇಲ್ಲ ಎನ್ನಲಿಲ್ಲ. ಟ್ಯಾಂಕಿನ ಬಾಯಿಯಲ್ಲಿ ನಿಂತು ಇಳಿ ಎಂದು ಹೇಳಿದವಳು ನಾನು. ಕೇಸಾದರೆ ಆ ಮಾತೂ ಹೊರಗೆ ಬರುತ್ತದೆ ಎಂಬ ಹೆದರಿಕೆ ನನಗೂ ಇತ್ತು. ಅಪ್ಪ ಮರುದಿನ ನಾಂಪಲ್ಲಿಯಲ್ಲಿ ಅದನ್ನು ಟೈಪು ಮಾಡಿಸಿಕೊಂಡು ಬಂದರು. ಬರಿಗೈಯಲ್ಲಿ ಒಯ್ದರೆ ಮುದುಡುತ್ತದೆ ಎಂದು ಅಲಮಾರಿಯ ಮೇಲಿನ ಚೀಲವನ್ನು ಇಳಿಸಿ, ಧೋತರ ಬಿಚ್ಚಿ, ಕಾಗದವನ್ನು ಅದರಲ್ಲಿಟ್ಟು ಕೊಟ್ಟರು.

ಗುಡಿಸಲಿನ ಮುಂದೆ ಅವಳು ಕೂತಿದ್ದಳು. ಕೂಸು ಮಲಗಿತ್ತು. ನನ್ನನ್ನು ಕಂಡವಳೇ ಎದ್ದು ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ, ಆ ಅಳು ನಾಟಕವಾಗಿರಲಿಲ್ಲ. ಆಮೇಲೆ ಚೀಲದ ಬಕಲ್ ಬಿಚ್ಚಿ ಕಾಗದ ತೆಗೆದೆ.

"ಏನ್ ಬರ್ದೀರಿ ಅಕ್ಕಾರ? ಓದ್ರಿ."

ನಾನು ಓದಿದೆ. ಇಂಗ್ಲಿಷಿನ ಸಾಲಿನ ಮೇಲೆ ಕಣ್ಣಿಟ್ಟು ಕನ್ನಡದಲ್ಲಿ ಬೇರೆಯದನ್ನೇ ಓದಿದೆ. ನಿನ್ನ ಗಂಡ ನಮ್ಮಲ್ಲಿ ದುಡಿಯುತ್ತಿದ್ದ, ಒಳ್ಳೆಯ ಮನುಷ್ಯ, ದೇವರ ಇಚ್ಛೆಯಿಂದ ಹೀಗಾಯಿತು, ಮಾಲೀಕರು ಈಗ ಮಣ್ಣು ಮಾಡಿದ ಖರ್ಚಿಗೆ ಇಷ್ಟು ಕೊಟ್ಟಿದ್ದಾರೆ, ಮುಂದೆಯೂ ನೋಡಿಕೊಳ್ಳುತ್ತಾರೆ. ಎಲ್ಲೂ ತಡವರಿಸಲಿಲ್ಲ. ಪೂರ್ಣವಿರಾಮ ಇದ್ದಲ್ಲಿ ನಿಂತೆ, ಪುಟದ ಕೊನೆಗೆ ಮುಗಿಸಿದೆ.

ಪಕ್ಕದ ಗುಡಿಸಲಿನ ಮುದುಕಿಯೊಬ್ಬಳು, "ಇನ್ನೊಬ್ಬರ ಕೈಲೆ ಓದ್ಸಿ ನೋಡು ತಂಗಿ," ಎಂದಳು.

ಅವಳಿಗೆ ಸಿಟ್ಟೇ ಬಂತು. "ಯಾಕಬೇ? ಅಕ್ಕಾರು ನನ್ ರೊಟ್ಟಿ ಉಂಡಾರ. ಅವರ ಬಾಯಾಗ ಸುಳ್ಳು ಬರತೈತೇನು?" ಎಂದು ಎಡಗೈ ಹೆಬ್ಬೆರಳು ಮುಂದೆ ಮಾಡಿದಳು. ಮಸಿ ಹಚ್ಚಿ ಒತ್ತಿಸಿದೆ. ಅವಳು ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು. ನಾನು ಅಪ್ಪ ಹೇಳಿದ ಸಾಲಿನ ಕೆಳಗೆ ಸಹಿ ಮಾಡಿ, ಮಾವ ಕೊಟ್ಟಿದ್ದ ಹಣದ ಲಕೋಟೆಯನ್ನು ಅವಳ ಕೈಗಿಟ್ಟು, ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ ನಮ್ಮ ಕಡೆ. ನಾನು ಎಣಿಸುವ ಗೋಜಿಗೆ ಹೋಗಲಿಲ್ಲ, ಜಂತೆಯನ್ನೇ ಕಿತ್ತುಕೊಂಡು ಬಂದೆ.

ಮುಂದಿನದೆಲ್ಲ ಸರಾಗವಾಗಿ ನಡೆಯಿತು. ಡಿಗ್ರಿಯಲ್ಲಿ ಮೊದಲ ದರ್ಜೆ ಬಂತು, ಲಾ ಕಾಲೇಜಿನಲ್ಲಿ ಸೀಟೂ ಬಂತು. ತಮಾಷೆಯೆಂದರೆ ಮಾವನ ವಿರೋಧವೇ ಇರಲಿಲ್ಲ. "ಓದ್ಲಿ ಬಿಡ್ರಿ ಭಾವಾ. ಕಂಪನಿಗೆ ಮನಿ ವಕೀಲರು ಒಬ್ಬರು ಬೇಕೇ ಬೇಕು," ಎಂದ. ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ನಾನು ಆ ಕಂದು ಚೀಲ ಹಾಕಿಕೊಂಡು ಕಾಲೇಜಿಗೆ ಹೋಗತೊಡಗಿದೆ. ಹೊಸ ಪುಸ್ತಕಗಳ ಜೊತೆಗೆ ಅದರ ತಳದಲ್ಲಿ ಮಸಿಯ ಒಂದು ಸಣ್ಣ ಕಲೆಯಿತ್ತು, ನಾನು ಒರೆಸಲು ನೋಡಿದ್ದೆ, ಹೋಗಿರಲಿಲ್ಲ.

ಕಾಲೇಜು ಶುರುವಾಗಿ ಎರಡು ವಾರವಾಗಿತ್ತು. ಸಂಜೆ ಮನೆಗೆ ಬಂದರೆ ಗೇಟಿನ ಹೊರಗೆ ಅವಳು ನಿಂತಿದ್ದಳು, ಕೂಸನ್ನು ಬಗಲಲ್ಲಿಟ್ಟುಕೊಂಡು. ಜೀಡಿಮೆಟ್ಲಾದಿಂದ ಎರಡು ಬಸ್ಸು ಬದಲಿಸಿ, ಆಫೀಸಿನ ಕಾವಲುಗಾರನಿಂದ ವಿಳಾಸ ಕೇಳಿಕೊಂಡು ಬಂದಿದ್ದಳು. ತಿಳಿದುಬಿಟ್ಟಿದೆ, ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಅಕ್ಕಾರ, ನಾಂಪಲ್ಲಿ ಲೇಬರ್ ಆಫೀಸಿಗಿ ಹೋಗಿದ್ನಿರಿ," ಎಂದಳು. ಗುಡಿಸಲಿನವರು ಯಾರೋ ಪರಿಹಾರದ ಸುದ್ದಿ ಹೇಳಿ ಅರ್ಜಿ ಹಾಕಿಸಿದ್ದರು. "ಅಲ್ಲಿ ಸಾಹೇಬ, ಮಾಲಕರು ಕೊಟ್ಟಿದ್ದ ನಮ್ ಕಾಗದ ತಗದು ಓದ್ದ. ನನ್ ಗಂಡ ಕುಡ್ದಿದ್ನಂತ, ಅಲ್ಲಿ ಕೆಲಸಕ್ಕೇ ಇರ್ಲಿಲ್ಲಂತ, ಹಂಗ ಬರ್ದೈತಂತ. ಅವ ಸುಳ್ಳ ಓದಾಕತ್ತಾನ್ರಿ. ತೆಲುಗರಂವ, ಅವಗೇನ್ ಗೊತ್ತು. ನನ್ ಗಂಡ ಒಂದಿನಾ ಕುಡ್ದಾಂವ ಅಲ್ರಿ. ನಾಳಿ ಹತ್ತಕ್ಕ ಕರದಾರ. ನೀವು ಬಂದು ಖರೇ ಏನೈತಿ ಓದಿ ಹೇಳ್ರಿ. ಅವತ್ತ ಓದಿದ್ರಲ್ಲ, ಹಂಗ."

"ಬರ್ತೀನಿ. ನಾಳೆ ಹತ್ತಕ್ಕ ಬರ್ತೀನಿ," ಎಂದೆ.

ಅವಳ ಮುಖ ಹಗುರಾಯಿತು. ಸೆರಗಿನ ಗಂಟಿನಿಂದ ಒಂದು ಅರಿವೆಯ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟಳು. ಎರಡು ಕಟಕ ರೊಟ್ಟಿ. "ಬರಿಗೈಲೆ ಹ್ಯಾಂಗ ಬರ್ಲಿ ಅಂತ ಮುಂಜಾನೆ ಬಡದ್ನಿರಿ. ಭಾಳ ದಿನ ಆತು ನೀವು ಉಂಡು," ಎಂದಳು.

ಒಳಗೆ ಹೋಗಿ ಪೊಟ್ಟಣವನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಅಪ್ಪ ಕಚೇರಿಯಿಂದ ಬಂದು ಚಹಾ ಕುಡಿಯುವಾಗ ಎಲ್ಲ ಹೇಳಿದೆ. ನಾನು ಹೋಗುತ್ತೇನೆ, ಆ ದಿನ ನಾನು ಓದಿದ್ದು ಸುಳ್ಳು ಎಂದು ಹೇಳುತ್ತೇನೆ, ಅವರೇ ಹೇಳಿಕೊಟ್ಟಂತೆ ಆ ಒಂದು ಸಾಲು ಬಿದ್ದರೆ ಇಡೀ ಕಾಗದ ಬೀಳುತ್ತದೆ, ಅವಳಿಗೆ ಪರಿಹಾರ ಸಿಗುತ್ತದೆ ಎಂದೆ. ಅಪ್ಪ ಕಪ್ಪು ಕೆಳಗಿಟ್ಟರು.

"ಟೈಪ್ ಮಾಡಿದವ ನಮ್ಮ ಆಫೀಸಿನ ಎದುರಿನವ. ನನ್ನ ಕೈಬರಹದ ಡ್ರಾಫ್ಟ್ ಅವನ ಹಂತ್ಯಾಕನ ಅದ," ಎಂದರು. "ಪೆನ್ಷನ್ನಿಗೆ ಎರಡು ವರ್ಷ ಉಳಿದಾವ. ನಿನ್ನ ಮಾವ ಜೇಲಿಗೆ ಹೋಗ್ತಾನ. ಸುಳ್ಳು ಸಹಿ ಮಾಡಿದಾಕಿ ನೀ, ನಿನಗ ಯಾವ ಕೋರ್ಟಿನ್ಯಾಗೂ ನಿಂದ್ರಗೊಡಂಗಿಲ್ಲ. ನಾ ಹೋಗಬ್ಯಾಡ ಅನ್ನಂಗಿಲ್ಲವಾ. ಹೋಗು. ಆದ್ರ ಗೊತ್ತಿರ್ಲಿ."

ಹೋಗಬೇಡ ಎಂದು ಗದರಿದ್ದರೆ ಸಿಟ್ಟಿನಿಂದಲಾದರೂ ಹೋಗುತ್ತಿದ್ದೆ. ಅಪ್ಪ ಎಂಥ ಡ್ರಾಫ್ಟ್ ಬರೆಯುವವರು ಎಂದು ಆಗ ಪೂರ್ತಿ ತಿಳಿಯಿತು.

ಮರುದಿನ ಚೀಲ ಹಾಕಿಕೊಂಡು ನಾಂಪಲ್ಲಿಯಲ್ಲಿ ಬಸ್ಸಿಳಿದಾಗ ಹತ್ತಕ್ಕೆ ಹತ್ತು ನಿಮಿಷವಿತ್ತು. ರಸ್ತೆಯ ಈ ಬದಿಗೆ ಇರಾನಿ ಹೋಟೆಲು, ಆ ಬದಿಗೆ ಕಾರ್ಮಿಕ ಇಲಾಖೆಯ ಕಚೇರಿ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಮಿಂದು, ಬೈತಲೆ ತೆಗೆದು ತಲೆ ಬಾಚಿಕೊಂಡಿದ್ದಳು. ಕೂಸಿನ ಕಾಲಿಗೆ ಹೊಸ ಚಪ್ಪಲಿ ಹಾಕಿದ್ದಳು. ಬರುವ ಪ್ರತಿಯೊಂದು ಬಸ್ಸಿನ ಕಡೆ ನೋಡುತ್ತಿದ್ದಳು, ಇಳಿದವರನ್ನೆಲ್ಲ ನೋಡಿ ಮತ್ತೆ ಮುಂದಿನ ಬಸ್ಸಿಗೆ ಕಾಯುತ್ತಿದ್ದಳು. ನಾನು ಹೋಟೆಲಿನ ಕಂಬದ ಮರೆಯಲ್ಲಿದ್ದೆ.

ರಸ್ತೆ ದಾಟಲು ನಲವತ್ತು ಹೆಜ್ಜೆ ಬೇಕಾಗಿರಲಿಲ್ಲ. ಹತ್ತಾಯಿತು, ಹತ್ತೂವರೆಯಾಯಿತು. ಹನ್ನೊಂದರ ಸುಮಾರಿಗೆ ಒಬ್ಬ ಜವಾನ ಹೊರಗೆ ಬಂದು ಏನೋ ಕೇಳಿದ. ಅವಳು ರಸ್ತೆಯ ಕಡೆ ಕೈ ತೋರಿಸಿ, ಬರುತ್ತಾರೆ, ಬರುತ್ತಾರೆ ಎನ್ನುವಂತೆ ತಲೆ ಅಲ್ಲಾಡಿಸಿದಳು. ಅವನು ಒಳಗೆ ಹೋದ. ನಾನು ಬೆನ್ನು ತಿರುಗಿಸಿ ನಡೆದೆ. ಕಾಲೇಜಿನ ಬಸ್ಸು ಎದುರಿಗೇ ಬಂದು ನಿಂತಿತು, ಹತ್ತಲಿಲ್ಲ. ಆ ಚೀಲ ಹಾಕಿಕೊಂಡು ಹೋಗಿ ಕಾನೂನಿನ ಪಾಠ ಕೇಳುವ ಮುಖ ನನಗಿರಲಿಲ್ಲ. ಜೀಡಿಮೆಟ್ಲಾದ ಬಸ್ಸು ಹತ್ತಿದೆ.

"ಇವತ್ತಿನಿಂದ ಇಲ್ಲೇ," ಎಂದೆ ಮಾವನಿಗೆ. ಅವನು ನನ್ನ ಕುರ್ಚಿಯ ಮೇಲಿನ ಧೂಳು ಒರೆಸಿಕೊಟ್ಟ. ವಕೀಲಿಯೋ ಧಂದೆಯೋ ಎಂದು ನಮ್ಮ ಮನೆಯಲ್ಲಿ ಅಷ್ಟು ತಿಂಗಳು ನಡೆದ ಚರ್ಚೆ ಹೀಗೆ ಮುಗಿಯಿತು. ನಾನು ಧಂದೆಯನ್ನು ಆರಿಸಿಕೊಂಡೆ ಎಂದು ಜನ ಅನ್ನುತ್ತಾರೆ. ನಾನು ಆ ರಸ್ತೆ ದಾಟಲಿಲ್ಲ, ಅಷ್ಟೇ.

ಅವಳ ಅರ್ಜಿ ವಜಾ ಆಯಿತೆಂದು ಮಾವ ಮುಂದೆ ಒಂದು ದಿನ ಹೇಳಿದ. ಗುಡಿಸಲು ಖಾಲಿಯಾಗಿತ್ತು. ಊರಿಗೆ ಹೋದಳೋ, ಬೇರೆಲ್ಲಿಗೆ ಹೋದಳೋ ಯಾರಿಗೂ ತಿಳಿಯದು. ನಾನು ಹುಡುಕಬಹುದಿತ್ತು, ಹುಡುಕಲಿಲ್ಲ. ಅಪ್ಪ ಪೆನ್ಷನ್ ತೆಗೆದುಕೊಂಡರು. ಮತ್ತೆಂದೂ ನನ್ನ ಮುಂದೆ ಕಾನೂನಿನ ಮಾತೆತ್ತಲಿಲ್ಲ, ಚೀಲ ಎಲ್ಲಿ ಹೋಯಿತೆಂದೂ ಕೇಳಲಿಲ್ಲ. ಮಾವ ಮಾತು ಕೊಟ್ಟಂತೆ ನನ್ನನ್ನು ಮಾಲಕಿಣಿ ಮಾಡಿಯೇ ಸತ್ತ. ಈಗಲೂ ಗಡಿಯಾಚೆಯಿಂದ ಜನ ಬರುತ್ತಾರೆ. ಅವರ ಪ್ರತಿಯೊಂದು ಕಾಗದವನ್ನೂ ಈಗ ಕನ್ನಡದಲ್ಲೇ ಬರೆಸುತ್ತೇನೆ, ಒಂದೊಂದು ಸಾಲನ್ನೂ ಇದ್ದಂತೆಯೇ ಓದಿ ಹೇಳುತ್ತೇನೆ. ಅವರು ಕೇಳುವುದೇ ಇಲ್ಲ. "ಇರ್ಲಿ ಬಿಡ್ರಿ ಅಕ್ಕಾರ, ನಮ್ಮೋರೇ ಅದೀರಿ" ಎಂದು ಹೆಬ್ಬೆರಳು ಮುಂದೆ ಮಾಡುತ್ತಾರೆ. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬರುತ್ತದೆ.

ರಸ್ತೆ ದಾಟದ ಆ ದಿನ ಸಂಜೆ ಜೀಡಿಮೆಟ್ಲಾದಿಂದ ಮನೆಗೆ ಬಂದು ಕೈಕಾಲು ತೊಳೆದೆ. ಬೆಳಗ್ಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಮ್ಮ ಕಪಾಟಿನಲ್ಲಿದ್ದ ಪೊಟ್ಟಣ ಬಿಚ್ಚಿ, ಒಂದು ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡಿದ್ದಳು.

"ಭಾಳ ಛಲೋ ಬಡದಾರಲ್ಲ, ನಿಮ್ಮಜ್ಜಿ ಕೈಯಾಗಿನಂಗ. ಎಲ್ಲಿಂದ ತಂದಿ?" ಎಂದಳು.

"ಖಾನಾವಳಿಯಿಂದ," ಎಂದೆ.

ಉಳಿದ ರೊಟ್ಟಿಯನ್ನು ತಾಟಿಗೆ ಹಾಕಿ, ಮೊಸರು ಬಡಿಸಿ ನನ್ನ ಮುಂದಿಟ್ಟಳು. ನನಗೆ ತುಂಬ ಹಸಿವಾಗಿತ್ತು. ಒಂದು ಚೂರೂ ಬಿಡದೆ ಉಂಡೆ.